ಮುಂದಿನ ತಾರೀಖು

ಆಪರೇಷನ್ ಆಯಿತು, ಕಿಮೊ ಮುಗಿಯಿತು, ಉದುರಿದ ಕೂದಲೂ ಬಂತು. ಊರಿನವರ ಲೆಕ್ಕದಲ್ಲಿ ಕಾಯಿಲೆ ವಾಸಿ. ಮನೆಯವರ ಲೆಕ್ಕದಲ್ಲಿ ಇನ್ನೂ ಐದು ವರ್ಷ ಬಾಕಿ. ಕುದಾಪುರದ ಸುತ್ತಿನಲ್ಲಿ ಆ ಐದು ವರ್ಷ ಸಾಗಬೇಕಾದದ್ದು ಶೇಂಗಾ ಸುಗ್ಗಿ, ಮಗ್ಗದ ಕೂಲಿ, ಮಕ್ಕಳ ಪರೀಕ್ಷೆ ಇವುಗಳ ನಡುವೆಯೇ.

ನವೆಂಬರ್ ಬಂತೆಂದರೆ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೀಳುವ ಗಡಿಬಿಡಿ. ಕುದಾಪುರ, ನಾಯಕನಹಟ್ಟಿ ಕಡೆಯ ಹೊಲಗಳಿಗೆ ಬೆಳಕು ಹರಿಯುವ ಮೊದಲೇ ಆಳುಗಳು ಇಳಿದಿರುತ್ತಾರೆ. ಅದೇ ಹೊತ್ತಿಗೆ ರಸ್ತೆ ಬದಿಯಲ್ಲಿ ಗಂಡ ಹೆಂಡತಿ ಬಸ್ಸಿಗೆ ಕಾದು ನಿಂತಿರುತ್ತಾರೆ. ಆಕೆಯ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅದರೊಳಗೆ ದಪ್ಪ ಫೈಲು, ರೊಟ್ಟಿಯ ಗಂಟು, ನೀರಿನ ಬಾಟ್ಲಿ.

‘ಎತ್ಲಾಗೆ ಹೊಂಟ್ರಿ ಅಕ್ಕ?’

‘ಬೆಂಗ್ಳೂರ್ಗೆ ಕಣವ್ವ. ಡೇಟ್ ಐತೆ.’

ಕೇಳಿದವಳು ಮತ್ತೇನೂ ಕೇಳುವುದಿಲ್ಲ. ಫೈಲು ಯಾವುದರದೆಂದು ಊರಿಗೆಲ್ಲ ಗೊತ್ತು. ಆ ದಿನ ಎರಡು ಆಳಿನ ಕೂಲಿ ಹೋಯಿತು, ಕೀಳಬೇಕಿದ್ದ ಸ್ವಂತ ಹೊಲ ಹಾಗೇ ನಿಂತಿತು, ಮಕ್ಕಳನ್ನು ಅಜ್ಜಿಯ ಸುಪರ್ದಿಗೆ ಬಿಟ್ಟದ್ದಾಯಿತು. ಇಷ್ಟೆಲ್ಲ ಆಗುವುದು ಒಬ್ಬ ವೈದ್ಯರು ಹತ್ತು ನಿಮಿಷ ಮುಟ್ಟಿ ನೋಡಿ, ‘ಏನೂ ಇಲ್ಲ, ಮತ್ತೆ ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುವುದಕ್ಕಾಗಿ. ಆ ಹತ್ತು ನಿಮಿಷ ಬೇಕೇ ಬೇಕು. ಅದಕ್ಕೆ ತೆರುವ ಬೆಲೆ ಮಾತ್ರ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇದೇ ನವೆಂಬರ್ 7, ಮೇರಿ ಕ್ಯೂರಿ ಹುಟ್ಟಿದ ದಿನ, ದೇಶದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನ. ಅಂದಿನ ಭಾಷಣಗಳಲ್ಲಿ ಬೇಗ ಪತ್ತೆ ಹಚ್ಚಿ, ಬೇಗ ಚಿಕಿತ್ಸೆ ಮಾಡಿಸಿ ಎಂಬ ಮಾತಿರುತ್ತದೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದವರು ಮರುದಿನದಿಂದ ಹೇಗೆ ಬದುಕಬೇಕೆಂಬುದು ಅಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಅವರೇನೂ ಬೆರಳೆಣಿಕೆಯ ಜನವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ಹಿಂದಿನ ಐದು ವರ್ಷಗಳಲ್ಲಿ ಕ್ಯಾನ್ಸರ್ ಪತ್ತೆಯಾಗಿ ಬದುಕಿರುವವರು ಭಾರತದಲ್ಲಿ 32 ಲಕ್ಷಕ್ಕೂ ಹೆಚ್ಚು.

ಐದು ವರ್ಷದ ಕ್ಯಾಲೆಂಡರ್

ಮರಳಿ ಬರುವ ಕ್ಯಾನ್ಸರ್ ಬಹಳಷ್ಟು ಸಲ ಮೊದಲ ಎರಡು ಮೂರು ವರ್ಷಗಳಲ್ಲೇ ಬರುತ್ತದೆ. ಆದ್ದರಿಂದ ಆರಂಭದಲ್ಲಿ ತಪಾಸಣೆ ಒತ್ತೊತ್ತಾಗಿ, ಆಮೇಲೆ ಬಿಡಿ ಬಿಡಿಯಾಗಿ ಇರುತ್ತದೆ. ಸ್ತನ ಕ್ಯಾನ್ಸರ್ ಆದವರಿಗೆ ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ. ಜೊತೆಗೆ ವರ್ಷಕ್ಕೊಂದು ಮ್ಯಾಮೊಗ್ರಾಂ. ಬಾಯಿ, ಗಂಟಲಿನ ಕ್ಯಾನ್ಸರ್ ಆದವರನ್ನು ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ.

ಕೆಲವರಿಗೆ ಮಾತ್ರೆಯೂ ಮುಂದುವರಿಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಇದ್ದವರು ಟ್ಯಾಮೊಕ್ಸಿಫೆನ್ ಎಂಬ ಮಾತ್ರೆಯನ್ನು ದಿನಕ್ಕೊಂದರಂತೆ ಐದು ವರ್ಷ ನುಂಗಬೇಕು. ಐದರ ಬದಲು ಹತ್ತು ವರ್ಷ ನುಂಗಿದರೆ ಕಾಯಿಲೆ ಮರಳುವುದೂ ಸಾವೂ ಇನ್ನಷ್ಟು ಕಡಿಮೆಯಾಗುತ್ತವೆಂದು 2012ರಲ್ಲಿ ಪ್ರಕಟವಾದ ‘ಅಟ್ಲಾಸ್’ ಅಧ್ಯಯನ ತೋರಿಸಿತು. ದುಬಾರಿ ಮಾತ್ರೆಯೇನಲ್ಲ. ಆದರೆ ನೋವಿಲ್ಲದ ಮೈಗೆ ದಿನವೂ ಮಾತ್ರೆ ಹಾಕುವುದು, ಅದೂ ನಡುರಾತ್ರಿ ಮೈಯೆಲ್ಲ ಕಾದು ಬೆವರುವಂತೆ ಮಾಡುವ ಮಾತ್ರೆಯನ್ನು, ಸುಲಭದ ಮಾತಲ್ಲ. ‘ಆರಾಮಾಗಿದೀನಲ್ಲ, ಇನ್ಯಾಕೆ?’ ಎಂದು ನಿಲ್ಲಿಸಿಬಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ತಪಾಸಣೆ ತಪ್ಪುವುದೂ ಹೀಗೆಯೇ. ನೋವಿದ್ದರೆ ಸಾಲ ಮಾಡಿಯಾದರೂ ಹೋಗುತ್ತಾರೆ. ಆರಾಮಾಗಿದ್ದಾಗ, ಕೈ ತುಂಬ ಕೆಲಸವಿದ್ದಾಗ, ಒಂದು ಸಲ ತಪ್ಪುತ್ತದೆ. ಒಮ್ಮೆ ತಪ್ಪಿದ ಮೇಲೆ ‘ಬೈತಾರೇನೋ’ ಎಂಬ ಅಳುಕಿಗೆ ಮುಂದಿನದೂ ತಪ್ಪುತ್ತದೆ. ಇದಕ್ಕೊಂದು ಸರಳ ದಾರಿಯಿದೆ. ತಾರೀಖು ಬರೆಯುವಾಗಲೇ, ‘ಆ ವಾರ ಸುಗ್ಗಿ ಐತೆ ಸಾರ್, ಹದಿನೈದು ದಿನ ಹಿಂದೆ ಮುಂದೆ ಮಾಡ್ಕೊಡಿ’ ಎಂದು ಕೇಳುವುದು. ಹೊಸ ತೊಂದರೆಯೇನೂ ಇಲ್ಲದವರ ಮಾಮೂಲಿ ತಪಾಸಣೆಯನ್ನು ಒಂದೆರಡು ವಾರ ಸರಿಸಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಕೇಳುವ ಧೈರ್ಯ ನಮ್ಮವರಿಗೆ ಬರಬೇಕು. ಅದಕ್ಕಿಂತ ಮೊದಲು, ‘ಆ ದಿನ ನಿಮಗೆ ಆಗುತ್ತಾ?’ ಎಂದು ಕೇಳುವ ಅಭ್ಯಾಸ ತಾರೀಖು ಕೊಡುವವರಿಗೂ ಬರಬೇಕು.

ಮಗ್ಗದ ಮೇಲಿನ ಕೈ

ಮೊಳಕಾಲ್ಮೂರಿನ ರೇಷ್ಮೆ ಸೀರೆ ಕಣ್ಣಿಗಿಂತ ಹೆಚ್ಚಾಗಿ ಬೆರಳಿನ ಕೆಲಸ. ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುವುದು, ಲಾಳಿ ಓಡುವಾಗಲೇ ಬಿಗಿ ಸಡಿಲು ತಿಳಿಯುವುದು ಎಲ್ಲವೂ ಬೆರಳ ತುದಿಯಿಂದಲೇ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕಿಮೊ ಔಷಧಗಳು ನರಗಳಿಗೆ ಪೆಟ್ಟು ಕೊಟ್ಟು, ಬೆರಳ ತುದಿ ಜೋಮು ಹಿಡಿದಂತೆ ಮಾಡುತ್ತವೆ. ಹಲವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಕಿರಿಕಿರಿ. ನೇಕಾರರಿಗೆ ಅನ್ನದ ಪ್ರಶ್ನೆ.

ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಆ ಬದಿಯ ತೋಳಿನಲ್ಲಿ ನೀರು ತುಂಬಿ ಊತ ಬರಬಹುದು. ತಿಂಗಳುಗಳ ಮೇಲೂ ಬರಬಹುದು, ವರ್ಷಗಳ ಮೇಲೂ ಬರಬಹುದು. ಅದನ್ನು ಮೊದಲು ಹೇಳುವುದು ಎಷ್ಟೋ ಸಲ ಬಳೆ. ನಿನ್ನೆಯವರೆಗೆ ಸಲೀಸಾಗಿ ಜಾರುತ್ತಿದ್ದ ಬಳೆ ಇಂದು ಮಣಿಕಟ್ಟಿನಲ್ಲಿ ಗೀರು ಉಳಿಸಿದರೆ, ಉಂಗುರ ಬಿಗಿಯಾದರೆ, ರವಿಕೆಯ ಒಂದೇ ತೋಳು ಹಿಡಿದಂತಾದರೆ ಮುಂದಿನ ತಾರೀಖಿನವರೆಗೆ ಕಾಯಬಾರದು. ಆರಂಭದಲ್ಲಿ ಹಿಡಿದರೆ ಬಿಗಿ ಪಟ್ಟಿ, ವ್ಯಾಯಾಮ, ಚರ್ಮದ ಆರೈಕೆಯಿಂದ ಹತೋಟಿಗೆ ಬರುತ್ತದೆ.

‘ಆ ಕೈಯಲ್ಲಿ ಕೊಡ ಎತ್ತಬೇಡ, ಕಸ ಗುಡಿಸಬೇಡ’ ಎಂದು ಹಿಂದೆಲ್ಲ ಹೇಳುತ್ತಿದ್ದರು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಮೇಲ್ವಿಚಾರಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುವುದನ್ನು ಅಭ್ಯಾಸ ಮಾಡಿದರೆ ಊತ ಹೆಚ್ಚುವುದಿಲ್ಲ ಎಂದು ತೋರಿಸಿತು. ಕೈಯನ್ನು ಪೂರ್ತಿ ಕಟ್ಟಿಹಾಕುವುದೂ ತಪ್ಪು, ಮೊದಲ ವಾರವೇ ಮೇವಿನ ಹೊರೆ ಹೊರಿಸುವುದೂ ತಪ್ಪು. ಅತ್ತೆಯಾದವರು, ಗಂಡನಾದವರು ಈ ನಡುವಿನ ದಾರಿಯನ್ನು ವೈದ್ಯರ ಬಾಯಿಂದಲೇ ಕೇಳಿಸಿಕೊಳ್ಳುವುದು ಒಳ್ಳೆಯದು. ಆಕೆ ಹೇಳಿದರೆ ಸೋಮಾರಿತನ ಎನಿಸಿಬಿಡುತ್ತದೆ.

ಸುಸ್ತಿನದೂ ಅದೇ ಕಥೆ. ಚಿಕಿತ್ಸೆ ಮುಗಿದು ವರ್ಷವಾದರೂ ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಮೈ ಸೋತು ಬರುತ್ತದೆ, ನಿದ್ದೆ ಮಾಡಿದರೂ ಹೋಗದ ಸುಸ್ತು. ಹೆಸರುಗಳು ನಾಲಿಗೆಯ ತುದಿಗೆ ಬಂದು ನಿಲ್ಲುತ್ತವೆ, ಒಲೆಯ ಮೇಲಿಟ್ಟದ್ದು ಮರೆಯುತ್ತದೆ. ‘ನೋಡಾಕೆ ಚೆನ್ನಾಗೇ ಇದೀಯಲ್ಲವ್ವ’ ಎಂಬ ಮಾತು ಅಂಥವರಿಗೆ ಸಮಾಧಾನ ತರುವುದಿಲ್ಲ. ಹೇಳಿಕೊಳ್ಳಲು ಉಳಿದಿದ್ದ ಒಂದು ದಾರಿಯನ್ನೂ ಅದು ಮುಚ್ಚುತ್ತದೆ.

┃ ಬಾಕ್ಸ್: ತಾರೀಖಿಗೆ ಕಾಯಬಾರದ ಸೂಚನೆಗಳು
┃ ಆಪರೇಷನ್ ಆದ ಜಾಗದಲ್ಲಿ, ಕುತ್ತಿಗೆಯಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು.
┃ ಎರಡು ಮೂರು ವಾರವಾದರೂ ಮಾಯದ ಬಾಯಿ ಹುಣ್ಣು, ಸರಿಹೋಗದ ದನಿ.
┃ ರಾತ್ರಿ ಎಬ್ಬಿಸುವ, ದಿನದಿನಕ್ಕೆ ಹೆಚ್ಚುವ ಬೆನ್ನು ನೋವು ಅಥವಾ ಮೂಳೆ ನೋವು.
┃ ಟ್ಯಾಮೊಕ್ಸಿಫೆನ್ ನುಂಗುತ್ತಿರುವವರಲ್ಲಿ, ಮುಟ್ಟು ನಿಂತ ಮೇಲೆ ರಕ್ತಸ್ರಾವ. ಒಂದು ಕಾಲಷ್ಟೇ ಊದಿ ನೋಯುವುದು.
┃ ಕಿಬ್ಬೊಟ್ಟೆಗೆ ಕರೆಂಟ್ ಕೊಡಿಸಿಕೊಂಡವರಲ್ಲಿ, ವರ್ಷಗಳ ನಂತರವಾದರೂ, ಮಲ ಮೂತ್ರದಲ್ಲಿ ರಕ್ತ.

ಎರಡು ಬಗೆಯ ಸಾರು

ಹೊಗೆಸೊಪ್ಪು, ಗುಟ್ಕಾ, ಎಲೆ ಅಡಿಕೆಯ ಚಟದಿಂದ ಬಾಯಿ ಕ್ಯಾನ್ಸರ್ ತಂದುಕೊಂಡು ಬದುಕಿ ಬಂದವರ ಮನೆಯಲ್ಲಿ ಅಡುಗೆಮನೆಯೇ ಬದಲಾಗುತ್ತದೆ. ನಮ್ಮ ಕಡೆ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ ಜೊಲ್ಲಿನ ಗ್ರಂಥಿಗಳನ್ನು ಒಣಗಿಸುತ್ತದೆ. ಖಾರ ತಾಗಿದರೆ ಬಾಯಿ ಉರಿ, ರೊಟ್ಟಿ ಅಗಿಯಲಾಗದು. ಮುದ್ದೆಯನ್ನು ಅಗಿಯಬೇಕಿಲ್ಲ, ನುಂಗಿದರಾಯಿತು. ಆದರೆ ಒಣಗಿದ ಗಂಟಲಿಗೆ ಗಟ್ಟಿ ಮುದ್ದೆಯೂ ಇಳಿಯುವುದಿಲ್ಲ, ನೀರು ಹೆಚ್ಚು ಹಾಕಿ ಮೆತ್ತಗೆ ಮಾಡಬೇಕು. ಒಂದೇ ಒಲೆಯ ಮೇಲೆ ಖಾರದ ಸಾರು, ಖಾರವಿಲ್ಲದ ಸಾರು. ಎರಡನೆಯದನ್ನು ದಿನವೂ ಮಾಡುವಾಕೆಯ ಶ್ರಮವನ್ನು ಯಾವ ಡಿಸ್ಚಾರ್ಜ್ ಚೀಟಿಯೂ ಲೆಕ್ಕಕ್ಕೆ ಹಿಡಿದಿಲ್ಲ.

ದವಡೆ ಬಿಗಿದು ಬಾಯಿ ತೆರೆಯದಾಗುವುದು ಇನ್ನೊಂದು ತೊಂದರೆ. ಅದಕ್ಕೆ ಫಿಸಿಯೊಥೆರಪಿಯವರು ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಲು ಹೇಳಿಕೊಡುತ್ತಾರೆ. ಬಾಯಿ ತೆರೆದಂತೆ ಕಡ್ಡಿ ಹೆಚ್ಚಿಸುತ್ತ ಹೋಗಬೇಕು. ಖರ್ಚಿಲ್ಲದ ಉಪಾಯ. ಆದರೆ ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ, ಬೇಸರವಿಲ್ಲದೆ ಮಾಡಬೇಕು. ಮನೆಯ ಮಕ್ಕಳು ಎಣಿಸಿ ಕೊಡುವುದಾದರೆ ಅಪ್ಪಂದಿರು ತಪ್ಪಿಸಿಕೊಳ್ಳುವುದು ಕಡಿಮೆ.

ಇನ್ನೆರಡು ವಿಷಯ ಊರಿನ ಡಾಕ್ಟರಿಗೂ ನೆನಪಿರಬೇಕು. ದವಡೆಗೆ ವಿಕಿರಣ ಪಡೆದವರ ಹಲ್ಲನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೀಳಬಾರದು, ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಕುತ್ತಿಗೆಗೆ ವಿಕಿರಣ ಬಿದ್ದಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತ ಪರೀಕ್ಷೆ ಆಗಬೇಕು. ಮೈ ತೂಕ ಏರಿ, ಚಳಿ ಹೆಚ್ಚಾಗಿ, ಯಾವುದಕ್ಕೂ ಹುರುಪಿಲ್ಲದವರಿಗೆ ‘ಮನಸ್ಸು ಗಟ್ಟಿ ಮಾಡ್ಕೊ’ ಎನ್ನುವ ಮೊದಲು ಆ ಪರೀಕ್ಷೆ ಆಗಿದೆಯೇ ನೋಡಬೇಕು.

ರಿಪೋರ್ಟ್ ಬರುವ ಮುಂಚಿನ ವಾರ

ತಾರೀಖು ಹತ್ತಿರವಾದಂತೆ ಮನೆಯ ಮಾತಿನ ಧಾಟಿ ಬದಲಾಗುತ್ತದೆ. ಗಂಡ ಸುಮ್ಮಸುಮ್ಮನೆ ರೇಗುತ್ತಾನೆ. ಮಗಳು ಫೋನಿಟ್ಟು ಅಮ್ಮನ ಹತ್ತಿರ ಬಂದು ಕೂರುತ್ತಾಳೆ. ಮಾಮೂಲಿ ಕೆಮ್ಮು ಬಂದರೂ ಎಲ್ಲರ ಕಣ್ಣು ಅತ್ತ ತಿರುಗುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ನಿಜವಾದೀತೆಂಬ ಭಯ. ಈ ಭಯವನ್ನು ದೌರ್ಬಲ್ಯ ಎನ್ನುವುದು ಅನ್ಯಾಯ. ಸಾವಿನ ಹತ್ತಿರ ಹೋಗಿಬಂದ ಮನೆಯೊಂದು ಬಾಗಿಲ ಸದ್ದಿಗೆ ಬೆಚ್ಚುವುದು ಸಹಜ. ನಿದ್ದೆ, ಊಟ, ಕೆಲಸ ಎಲ್ಲ ವಾರಗಟ್ಟಲೆ ಕೆಟ್ಟರೆ ಅದಕ್ಕೂ ಔಷಧವಿದೆ, ಆಪ್ತ ಸಲಹೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇರುವುದೇ ಇಂಥದ್ದಕ್ಕೆ.

ಕನ್ನಡದಲ್ಲಿ ಈ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದವರು ಬಿ.ವಿ. ಭಾರತಿ. ಸ್ತನ ಕ್ಯಾನ್ಸರಿನ ದಿನಗಳನ್ನು ಕುರಿತ ಅವರ ‘ಸಾಸಿವೆ ತಂದವಳು’ ಪುಸ್ತಕವನ್ನು ಎಷ್ಟೋ ಮನೆಗಳಲ್ಲಿ ಒಬ್ಬರಿಂದೊಬ್ಬರು ಇಸಿದುಕೊಂಡು ಓದಿದ್ದಾರೆ. ನಟ ಶಿವರಾಜ್‌ಕುಮಾರ್ ತಮ್ಮ ಕಾಯಿಲೆಯನ್ನು ಬಚ್ಚಿಡಲಿಲ್ಲ. ಕಿಮೊ ನಡೆಯುತ್ತಿದ್ದಾಗಲೂ ‘45’ ಚಿತ್ರದ ಚಿತ್ರೀಕರಣದಲ್ಲಿದ್ದರು. 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಅವರ ಮೂತ್ರಕೋಶ ತೆಗೆದು ಕರುಳಿನಿಂದ ಹೊಸದನ್ನು ರೂಪಿಸಿದರು. ಕೆಲವೇ ತಿಂಗಳಲ್ಲಿ ಅವರು ಮತ್ತೆ ಸೆಟ್ಟಿನಲ್ಲಿದ್ದರು. ದೊಡ್ಡ ನಟ ‘ನನಗೂ ಬಂದಿತ್ತು’ ಎಂದದ್ದರಿಂದ ಹಳ್ಳಿಕಟ್ಟೆಯಲ್ಲಿ ಒಂದು ಬಾಯಿ ಕಟ್ಟು ಸಡಿಲವಾಯಿತು. ಅವರ ಶೂಟಿಂಗ್ ದಿನಗಳನ್ನು ಹಿಂದೆ ಮುಂದೆ ಮಾಡಲು ಬರುತ್ತದೆ, ಹಸಿ ಶೇಂಗಾದ ಮೇಲೆ ಸುರಿಯುವ ಅಕಾಲ ಮಳೆಯನ್ನು ಹಾಗೆ ಮಾಡಲು ಬರುವುದಿಲ್ಲ ಎಂಬುದೂ ನಿಜ.

ಬಾಯಿ ಕಟ್ಟು ಹೆಚ್ಚು ಬಿಗಿಯಾಗಿರುವುದು ಮದುವೆಯ ಮಾತು ಬಂದಾಗ. ‘ಅವ್ರ ತಾಯಿಗೆ ಆ ದೊಡ್ಡ ಕಾಯ್ಲೆ ಇತ್ತಂತೆ’ ಎಂದು ಸಂಬಂಧ ತಪ್ಪೀತೆಂದು ಮಗಳ ಮದುವೆ ಮುಗಿಯುವವರೆಗೆ ಫೈಲನ್ನು ಅಟ್ಟದ ಮೇಲಿಡುವ ಮನೆಗಳಿವೆ. ಫೈಲಿನ ಜೊತೆ ತಪಾಸಣೆಯೂ ಅಟ್ಟ ಸೇರುತ್ತದೆ. ಒಟ್ಟು ಕ್ಯಾನ್ಸರ್‌ಗಳಲ್ಲಿ ನೇರವಾಗಿ ವಂಶದಿಂದ ಬರುವುದು ಶೇ 5ರಿಂದ 10 ಮಾತ್ರ. ಅಂಟುಜಾಡ್ಯವಂತೂ ಅಲ್ಲವೇ ಅಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮೊಮ್ಮಕ್ಕಳನ್ನು ಮಡಿಲಿಗೆ ಬಿಡದಿರುವುದು ರೋಗಕ್ಕಿಂತ ಹೆಚ್ಚು ನೋಯಿಸುತ್ತದೆ.

┃ ಬಾಕ್ಸ್: ಕೇಳಿ ಪಡೆಯಬಹುದಾದದ್ದು
┃ ಬಸ್: 2023ರ ಜೂನ್ 11ರಿಂದ ಜಾರಿಯಲ್ಲಿರುವ ‘ಶಕ್ತಿ’ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ.
┃ ರೈಲು: ಚಿಕಿತ್ಸೆಗೆ ಅಥವಾ ನಿಗದಿತ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ತಿ, ಜೊತೆಯವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯ ಪ್ರಮಾಣಪತ್ರ ಬೇಕು.
┃ ಇಎಸ್‌ಐ: ವಿಮೆಗೆ ಒಳಪಟ್ಟ ಕಾರ್ಮಿಕರಿಗೆ, ಸೇವಾವಧಿಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗಳಲ್ಲಿ ಎರಡು ವರ್ಷದವರೆಗೆ ಕೂಲಿಯ ಶೇ 80ರಷ್ಟು ಭತ್ಯೆ.

ಸ್ಕ್ಯಾನ್ ಮಾಡಿಸಿದರೆ ನೆಮ್ಮದಿಯೇ?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಎಷ್ಟೋ ಜೀವ ಉಳಿದದ್ದು ಅದರಿಂದಲೇ. ಆದರೆ ಆಯುಷ್ಮಾನ್ ಯೋಜನೆ ಡಿಸ್ಚಾರ್ಜ್ ನಂತರದ ಖರ್ಚನ್ನು ಹೊರುವುದು 15 ದಿನ. ತಪಾಸಣೆ ನಡೆಯುವುದು ಐದು ವರ್ಷ. ನಡುವಿನ ಅಂತರವನ್ನು ಕುರಿ ಮಾರಿ, ಸಂಘದ ಸಾಲ ತೆಗೆದು ತುಂಬುವುದು ಇಲ್ಲಿನ ರೂಢಿ.

ಹಾಗೆ ತಂದ ದುಡ್ಡು ಎಲ್ಲಿ ಖರ್ಚಾಗುತ್ತದೆ ಎಂಬುದನ್ನೂ ನೋಡಬೇಕು. ‘ಮೈಯೆಲ್ಲ ಸ್ಕ್ಯಾನ್ ಮಾಡಿಸಿಬಿಡಿ, ಧೈರ್ಯ ಇರ್ಲಿ’ ಎಂದು ಮಗ ಪಟ್ಟು ಹಿಡಿಯುತ್ತಾನೆ. ಪ್ರೀತಿಯಿಂದಲೇ. ಇಟಲಿಯ 20 ಆಸ್ಪತ್ರೆಗಳಲ್ಲಿ 1,320 ಸ್ತನ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದ್ದರು. ಒಂದು ಗುಂಪಿಗೆ ಮೂಳೆ ಸ್ಕ್ಯಾನ್, ಯಕೃತ್ತಿನ ಸ್ಕ್ಯಾನ್, ಎಕ್ಸ್‌ರೇ ಎಲ್ಲವೂ. ಇನ್ನೊಂದಕ್ಕೆ ವೈದ್ಯರ ಪರೀಕ್ಷೆ ಮತ್ತು ಮ್ಯಾಮೊಗ್ರಾಂ, ತೊಂದರೆ ಕಂಡರಷ್ಟೇ ಉಳಿದದ್ದು. 1994ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪುಗಳಲ್ಲಿ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಎಲ್ಲ ಕ್ಯಾನ್ಸರಿಗೂ ಇದೇ ಮಾತು ಅನ್ವಯಿಸುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ನಿಗದಿತ ಸ್ಕ್ಯಾನಿಗೂ ಕೊಲೊನೊಸ್ಕೊಪಿಗೂ ಜಾಗವಿದೆ. ವೈದ್ಯರು ಬರೆದುಕೊಡದ ಸ್ಕ್ಯಾನಿಗೆ ಸಾಲ ಮಾಡುವ ಮೊದಲು ‘ಇದು ಬೇಕಾ?’ ಎಂದು ಕೇಳುವುದು ರೋಗಿಯ ಹಕ್ಕು.

ದುಡ್ಡು ಬೇಡದ ಔಷಧವೊಂದಿದೆ. ದೊಡ್ಡ ಕರುಳಿನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 889 ಜನರ ಮೇಲೆ ನಡೆದ ‘ಚಾಲೆಂಜ್’ ಅಧ್ಯಯನ 2025ರಲ್ಲಿ ಹೊರಬಂತು. ತರಬೇತುದಾರರ ನೆರವಿನಿಂದ ಮೂರು ವರ್ಷ ಕ್ರಮವಾಗಿ ನಡಿಗೆಯಂಥ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷದ ಹೊತ್ತಿಗೆ ಕಾಯಿಲೆಯಿಲ್ಲದೆ ಇದ್ದವರು ಶೇ 80.3. ಬರೀ ಸಲಹೆಯ ಪುಸ್ತಿಕೆ ಪಡೆದವರಲ್ಲಿ ಶೇ 73.9. ‘ಕಾಯ್ಲೆ ಮನುಷ್ಯ, ಮಲಗಿರ್ಲಿ’ ಎಂಬ ನಮ್ಮ ಅಕ್ಕರೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ.

┃ ಬಾಕ್ಸ್: ಕಿದ್ವಾಯಿ
┃ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ದೇಶದ ಮೊದಲ ಕ್ಯಾನ್ಸರ್ ನೋಂದಣಿ ಜಾಲದಲ್ಲಿ ಮುಂಬೈ, ಚೆನ್ನೈ ಜೊತೆ ಬೆಂಗಳೂರೂ 1982ರಲ್ಲಿ ಸೇರಿತು. ದೂರದ ಊರುಗಳಿಂದ ಬರುವವರು ತಂಗಲು ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆ ಆವರಣದಲ್ಲಿದೆ.

ವಿಜ್ಞಾನ ಇಲ್ಲಿಗೆ ಬಂದಿದೆ

ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆಯ ಎರಡನೇ ಆವರಣವಿದೆ. ರಾಜ್ಯದ ವಿಜ್ಞಾನ ಶಿಕ್ಷಕರು ಅಲ್ಲಿಗೆ ಬಂದು ಉಳಿದು ತರಬೇತಿ ಪಡೆಯುತ್ತಾರೆ. ಪಕ್ಕದ ಕಾವಲಿನಲ್ಲಿ ಡಿಆರ್‌ಡಿಒದ ಮಾನವರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಕುರಿ, ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಇಷ್ಟೆಲ್ಲ ಬರಲು ಸಾಧ್ಯವಾದ ಮೇಲೆ, ಕುತ್ತಿಗೆ ಮುಟ್ಟಿ ನೋಡಿ ತೂಕ, ರಕ್ತ ಪರೀಕ್ಷಿಸುವ ಕೆಲಸ ಹತ್ತಿರ ಬರಲಾಗದೆ? ಆಗುತ್ತದೆ, ಬರಲೇಬೇಕು ಎಂಬುದು ಈ ಬರಹದ ಒತ್ತಾಯ.

ಇದಕ್ಕೆ ಆಧಾರವೂ ಇದೆ. ಇಂಗ್ಲೆಂಡಿನಲ್ಲಿ 296 ಸ್ತನ ಕ್ಯಾನ್ಸರ್ ರೋಗಿಗಳ ತಪಾಸಣೆಯನ್ನು ಆಸ್ಪತ್ರೆ ಮತ್ತು ಊರಿನ ಕುಟುಂಬ ವೈದ್ಯರ ನಡುವೆ ಹಂಚಿ ನೋಡಿದರು. ಊರಿನ ವೈದ್ಯರ ಬಳಿ ಹೋದವರಲ್ಲಿ ಕಾಯಿಲೆ ಮರಳಿದ್ದು ತಡವಾಗಿ ಗೊತ್ತಾಯಿತೆಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದು 1996ರ ವರದಿ ಹೇಳಿತು. ಕೆನಡಾದಲ್ಲಿ 968 ಮಹಿಳೆಯರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅದೇ ಫಲ. ಅಲ್ಲಿನ ಕುಟುಂಬ ವೈದ್ಯರ ವ್ಯವಸ್ಥೆ ನಮ್ಮಲ್ಲಿಲ್ಲ, ಒಪ್ಪೋಣ. ಆದರೆ ನಮ್ಮಲ್ಲಿ ಜಿಲ್ಲಾಸ್ಪತ್ರೆ ಇದೆ, ತಾಲ್ಲೂಕು ಆಸ್ಪತ್ರೆ ಇದೆ, 30 ದಾಟಿದವರನ್ನು ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಗೆ ಕರೆತರುವ ಆಶಾ ಕಾರ್ಯಕರ್ತೆಯರಿದ್ದಾರೆ. ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಮೂರು ವರ್ಷದಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಘೋಷಿಸಿತು. ಕಿಮೊ ಕೊಡಲು ತೆರೆಯುವ ಆ ಕೋಣೆಯಲ್ಲೇ ವಾರದಲ್ಲೊಂದು ದಿನ ತಪಾಸಣೆಗೆ ಮೀಸಲಾದರೆ, ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗುವವರು ಒಂದು ಸಲ ಹೋದರೆ ಸಾಕಾಗಬಹುದು.

ಕ್ಯಾನ್ಸರಿಗೆ ತುತ್ತಾಗಿದ್ದ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ 1985ರಲ್ಲೇ, ಚಿಕಿತ್ಸೆಯ ಆಚೆಗಿನ ಕಾಲವನ್ನು ಬೇರೆಯೇ ಹಂತಗಳಾಗಿ ಕಾಣಬೇಕೆಂದು ಬರೆದರು. ಇಪ್ಪತ್ತು ವರ್ಷದ ಮೇಲೆ, 2005ರಲ್ಲಿ, ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ಸರಳ ಶಿಫಾರಸು ಮಾಡಿತು: ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರ ಕೈಗೂ ಆಗಿರುವ ಚಿಕಿತ್ಸೆಯ ಸಾರಾಂಶ ಮತ್ತು ಮುಂದಿನ ತಪಾಸಣೆಯ ವಿವರವನ್ನು ಬರೆದುಕೊಡಬೇಕು.

ನಮ್ಮಲ್ಲಿ ಅದು ಕನ್ನಡದ ಒಂದು ಹಾಳೆಯಾದರೆ ಸಾಕು. ಯಾವ ಕ್ಯಾನ್ಸರ್, ಯಾವ ಹಂತ. ಯಾವ ಆಪರೇಷನ್, ಯಾವ ಬದಿ. ಯಾವ ಔಷಧ ಎಷ್ಟು ಸಲ, ವಿಕಿರಣ ಬಿದ್ದದ್ದು ಎಲ್ಲಿಗೆ. ಯಾವ ಮಾತ್ರೆ ಯಾವ ವರ್ಷದವರೆಗೆ. ಯಾವ ಪರೀಕ್ಷೆ ಯಾವಾಗ, ಅದರಲ್ಲಿ ಹತ್ತಿರದಲ್ಲೇ ಆಗುವುದು ಯಾವುದು. ಏನು ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು. ಇದನ್ನು ಕೇಳಿ ಬರೆಸಿಕೊಳ್ಳಲು ಹೊಸ ಯೋಜನೆ ಬರುವವರೆಗೆ ಕಾಯಬೇಕಿಲ್ಲ, ಮುಂದಿನ ತಾರೀಖಿಗೆ ಹೋದಾಗಲೇ ಕೇಳಬಹುದು. ಒಂದು ಪ್ರತಿ ಫೈಲಿನಲ್ಲಿ, ಒಂದು ಫೋಟೊ ಮಗನದೋ ಮಗಳದೋ ಫೋನಿನಲ್ಲಿ, ಇನ್ನೊಂದು ಪ್ರತಿ ಊರಿನ ಆರೋಗ್ಯ ಕೇಂದ್ರದ ಡಾಕ್ಟರ ಮೇಜಿನ ಮೇಲೆ.